ಕನ್ನಡಕ್ಕೆ ಯಾವ ಬಾವುಟ?

ಆಪ್ ತೆರೆದೊಡನೆ ‘ಭಾಷೆ ಆರಿಸಿ’ ಎಂಬ ಪಟ್ಟಿ. ಫ್ರೆಂಚ್ ಪಕ್ಕದಲ್ಲಿ ಫ್ರಾನ್ಸಿನ ಬಾವುಟ, ಜಪಾನಿ ಪಕ್ಕದಲ್ಲಿ ಜಪಾನಿನದು, ಹಿಂದಿಯ ಪಕ್ಕದಲ್ಲಿ ನಮ್ಮ ತ್ರಿವರ್ಣ ಧ್ವಜ. ಕನ್ನಡದ ಪಕ್ಕದಲ್ಲಿ ಏನು ಹಾಕುತ್ತೀರಿ? ಸಾಫ್ಟ್‌ವೇರ್ ಕಟ್ಟುವವನಾಗಿ ಈ ಪ್ರಶ್ನೆಯನ್ನು ಸಭೆಗಳಲ್ಲಿ ಕೇಳುತ್ತಲೇ ಇದ್ದೇನೆ. ‘ಯೂಸರ್‌ಗೆ ಬೇಗ ಗುರುತು ಸಿಗುತ್ತೆ’ ಎಂಬುದೇ ಉತ್ತರ. ಯಾರ ಗುರುತು?

ಬಾವುಟದ ಎಮೋಜಿ ಒಳಗಡೆ ಎರಡು ಅಕ್ಷರಗಳ ಜೋಡಿ. 2010ರಲ್ಲಿ ಯೂನಿಕೋಡ್ ಇದಕ್ಕಾಗಿಯೇ 26 ವಿಶೇಷ ಅಕ್ಷರಗಳನ್ನು ಸೇರಿಸಿತು. ಐ ಮತ್ತು ಎನ್ ಒಟ್ಟಿಗೆ ಬಂದರೆ ಫೋನು ತ್ರಿವರ್ಣ ತೋರಿಸುತ್ತದೆ. ಈ ಜೋಡಿಗಳು ದೇಶಗಳ ಸಂಕೇತಗಳು. ಭಾಷೆಗಳ ಸಂಕೇತಪಟ್ಟಿಯೇ ಬೇರೆ. ಭಾಷೆಯ ಸಂಕೇತದಿಂದಲೇ ಬಾವುಟ ತೆಗೆಯಲು ಹೊರಟರೆ ಏನಾಗುತ್ತದೆ ನೋಡಿ. ಕನ್ನಡದ ಸಂಕೇತ ಕೆಎನ್. ದೇಶಗಳ ಪಟ್ಟಿಯಲ್ಲಿ ಕೆಎನ್ ಎಂದರೆ ಕೆರಿಬಿಯನ್ ಸಮುದ್ರದ ಸೇಂಟ್ ಕಿಟ್ಸ್ ಮತ್ತು ನೆವಿಸ್! ಮರಾಠಿಗೆ ಮಾರಿಟೇನಿಯಾ, ಮಲಯಾಳಕ್ಕೆ ಮಾಲಿ, ಪಂಜಾಬಿಗೆ ಪನಾಮಾ, ಬಂಗಾಳಿಗೆ ಬ್ರೂನೈ.

ಇಲ್ಲಿಯವರೆಗೆ ನಗಬಹುದು. ತ್ರಿವರ್ಣವನ್ನು ಹಿಂದಿಯೊಂದಕ್ಕೇ ಅಂಟಿಸಿದಾಗ ನನಗೆ ನಗು ಬರುವುದಿಲ್ಲ. ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ 22 ಭಾಷೆಗಳಿವೆ. ಧ್ವಜ ಅಷ್ಟೂ ಭಾಷೆಗಳದ್ದು. ಆ ಪಟ್ಟಿಯಲ್ಲಿಲ್ಲದ ತುಳು, ಕೊಡವ ಭಾಷೆಗಳದ್ದೂ ಹೌದು.

‘ಹಾಗಿದ್ದರೆ ಹಳದಿ-ಕೆಂಪು ಬಾವುಟಕ್ಕೂ ಎಮೋಜಿ ಕೇಳೋಣ, 2017ರಲ್ಲಿ ಸ್ಕಾಟ್ಲೆಂಡ್, ವೇಲ್ಸ್‌ಗಳಿಗೆ ಕೊಟ್ಟರಲ್ಲ’ ಎನ್ನುವ ಗೆಳೆಯರಿದ್ದಾರೆ. ಬಾವುಟಗಳ ಹೊಸ ಅರ್ಜಿಗಳನ್ನು ಇನ್ನು ತೆಗೆದುಕೊಳ್ಳುವುದಿಲ್ಲವೆಂದು ಯೂನಿಕೋಡ್ 2022ರಲ್ಲೇ ಹೇಳಿದೆ. ಸಿಕ್ಕಿದ್ದರೂ ಭಾಷೆಯ ಗುರುತಿಗೆ ಅದು ಒದಗುತ್ತಿರಲಿಲ್ಲ. ರಾಜ್ಯೋತ್ಸವದ ದಿನ ಹಳದಿ, ಕೆಂಪು ಹೃದಯಗಳನ್ನು ನಾನೂ ಕಳಿಸುತ್ತೇನೆ. ಅದು ಅಭಿಮಾನದ ಮಾತು. ಕನ್ನಡವಾದರೋ ಕಾಸರಗೋಡಿನಲ್ಲಿದೆ, ಸೊಲ್ಲಾಪುರದಲ್ಲಿದೆ, ಮುಂಬೈ-ಚೆನ್ನೈಗಳ ನಮ್ಮ ಮನೆಗಳಲ್ಲಿದೆ. ಒಂದು ರಾಜ್ಯದ ಬಾವುಟದಲ್ಲಿ ಅದನ್ನು ಕಟ್ಟಿಹಾಕುವುದೇಕೆ?

ಜೇಬಿನಲ್ಲಿರುವ ನೂರರ ನೋಟನ್ನು ತಿರುಗಿಸಿ. ಹಿಂಬದಿಯ ಪಟ್ಟಿಯಲ್ಲಿ 15 ಭಾಷೆಗಳಿವೆ, ಪ್ರತಿಯೊಂದೂ ತನ್ನ ಲಿಪಿಯಲ್ಲಿ. ‘ನೂರು ರುಪಾಯಿಗಳು’ ಎಂಬ ಸಾಲನ್ನು ಹುಡುಕಲು ಯಾವ ಕನ್ನಡಿಗನಿಗೂ ಬಾವುಟ ಬೇಕಾಗಿಲ್ಲ. ಆಪ್‌ಗಳೂ ಅಷ್ಟೇ ಮಾಡಲಿ: ‘ಕನ್ನಡ’ ಎಂದು ಕನ್ನಡದಲ್ಲಿ ಬರೆಯಲಿ. ಬಾವುಟ ಹಚ್ಚಿದ ಪಟ್ಟಿ ಕಂಡಾಗಲೆಲ್ಲ ಆ ಕಂಪನಿಗೆ ಎರಡು ಸಾಲು ಬರೆದು ಕೇಳಿ. ಕೇಳುವವರಿಲ್ಲದಿದ್ದರೆ ಯಾರೂ ಬದಲಿಸುವುದಿಲ್ಲ.