ಕನ್ನಡ ಫೈಲ್ ತೆರೆದರೆ ವಿಚಿತ್ರ ಅಕ್ಷರಗಳು ಕಾಣುತ್ತಿವೆಯೇ? ಡಿಲೀಟ್ ಮಾಡುವ ಮುನ್ನ ಇದನ್ನು ಓದಿ

"ಫೈಲ್ ತೆರೆದಾಗ ಕನ್ನಡದ ಬದಲು ಅರ್ಥವಾಗದ ಅಕ್ಷರಗಳು ಕಂಡರೆ ಅದರಲ್ಲಿ ವೈರಸ್ ಇದೆ, ಕೂಡಲೇ ಡಿಲೀಟ್ ಮಾಡಿ, ಎಲ್ಲ ಗ್ರೂಪಿಗೂ ತಿಳಿಸಿ." ಈ ಧಾಟಿಯ ಫಾರ್ವರ್ಡ್ ನಿಮಗೂ ಬಂದಿರಬಹುದು. ಬಸವನಗುಡಿಯಲ್ಲಿರುವ ನಮ್ಮ ಪರಿಚಯದ ಹಿರಿಯರೊಬ್ಬರು ಅದನ್ನು ನಂಬಿ, ತೀರಿಹೋದ ತಂದೆಯ ನೆನಪಿನ ಬರಹಗಳಿದ್ದ ಫೈಲನ್ನು ಹೊಸ ಲ್ಯಾಪ್‌ಟಾಪಿನಿಂದ ಅಳಿಸಿಬಿಟ್ಟರು. ಸುಮಾರು ಇಪ್ಪತ್ತು ವರ್ಷದ ಹಿಂದೆ ಚಾಮರಾಜಪೇಟೆಯ ಡಿಟಿಪಿ ಅಂಗಡಿಯೊಂದರಲ್ಲಿ ಟೈಪ್ ಮಾಡಿಸಿದ್ದ ಬರಹ ಅದು. ಪುಣ್ಯಕ್ಕೆ ಅದರ ಒಂದು ಸಿಡಿ ಬೀರುವಿನಲ್ಲಿ ಉಳಿದಿತ್ತು. ಅದನ್ನು ಹಿಡಿದು ಪೇಟೆಯ ಇನ್ನೊಂದು ಡಿಟಿಪಿ ಅಂಗಡಿಗೆ ಹೋದೆವು. ಅಲ್ಲಿನ ಹಳೆಯ ಕಂಪ್ಯೂಟರಿನಲ್ಲಿ ಅಚ್ಚ ಕನ್ನಡ ಮೂಡಿತು. "ವೈರಸ್ಸೂ ಇಲ್ಲ, ಏನೂ ಇಲ್ಲ ಸಾರ್. ನಿಮ್ಮ ಲ್ಯಾಪ್‌ಟಾಪಲ್ಲಿ ನುಡಿ ಫಾಂಟ್ ಇಲ್ಲ, ಅಷ್ಟೇ" ಎಂದರು ಅಂಗಡಿಯವರು.

ಅವರು ಹೇಳಿದ್ದು ಸರಿ. ಆದರೆ ಹಾಗೇಕೆ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಹಿಂದಿನ ಪದ್ಧತಿಯಲ್ಲಿ ಒಂದು ಫಾಂಟಿಗೆ ಸಿಗುತ್ತಿದ್ದದ್ದು 256 ಮನೆಗಳು, ಅದರಲ್ಲಿ ಮೊದಲ ಅರ್ಧ ಇಂಗ್ಲಿಷಿನದು. ಕನ್ನಡದ ಕಾಗುಣಿತ, ಒತ್ತಕ್ಷರಗಳನ್ನೆಲ್ಲ ಲೆಕ್ಕ ಹಾಕಿದರೆ ಸಾವಿರಾರು ರೂಪಗಳಾಗುತ್ತವೆ. ಹೀಗಾಗಿ ಕನ್ನಡ ತಂತ್ರಾಂಶ ಮಾಡಿದವರು ಹಳೆಯ ಅಚ್ಚುಕೂಟದವರ ಉಪಾಯವನ್ನೇ ಹಿಡಿದರು. ಮೊಳೆ ಜೋಡಿಸುವವರಂತೆ ಅಕ್ಷರವನ್ನು ತುಂಡು ಮಾಡಿದರು: ಕ ಅಕ್ಷರದ ಒಡಲು ಒಂದು ಮನೆಯಲ್ಲಿ, ತಲೆಕಟ್ಟು ಇನ್ನೊಂದರಲ್ಲಿ, ಒತ್ತು ಮತ್ತೊಂದರಲ್ಲಿ. ಈ ತುಂಡುಗಳನ್ನು ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರಗಳ ಮನೆಗಳಲ್ಲೇ ಕೂರಿಸಿದರು.

2000ರ ದಶಕದ ಆರಂಭದಲ್ಲಿ ಕನ್ನಡ ಗಣಕ ಪರಿಷತ್ತು ರಾಜ್ಯ ಸರ್ಕಾರಕ್ಕಾಗಿ ರೂಪಿಸಿದ 'ನುಡಿ'ಯ ಹಳೆಯ ಫಾಂಟುಗಳು ಹೀಗೆಯೇ ಇವೆ. ಆ ಫಾಂಟಿನಲ್ಲಿ 'ಕನ್ನಡ' ಎಂದು ಟೈಪ್ ಮಾಡಿದರೆ ಫೈಲಿನೊಳಗೆ ಉಳಿಯುವುದು ಏಳು ಸಂಖ್ಯೆಗಳು: 80, 192, 163, 192, 223, 113, 192. ಇವುಗಳಲ್ಲಿ 80 ಎಂದರೆ ಇಂಗ್ಲಿಷಿನ ಪಿ, 163 ಎಂದರೆ ಬ್ರಿಟಿಷ್ ಪೌಂಡಿನ ಗುರುತು. ಮೂರು ಸಲ ಬಂದಿರುವ 192 ನೆತ್ತಿಯ ಮೇಲೆ ಗೀಟಿರುವ ಎ. ನುಡಿ ಫಾಂಟ್ ಇದ್ದರೆ ಆ ಎ ತಲೆಕಟ್ಟಾಗಿ ಕಾಣುತ್ತದೆ, ಪೌಂಡು ನ ಅಕ್ಷರದ ಒಡಲಾಗುತ್ತದೆ. ಫಾಂಟ್ ಇಲ್ಲದ ಹೊಸ ಯಂತ್ರ ಅದನ್ನು ಇದ್ದ ಹಾಗೇ ತೋರಿಸುತ್ತದೆ. ಅಂದರೆ ಫೈಲ್ ಕೆಟ್ಟಿಲ್ಲ, ವೇಷ ಕಳಚಿದೆ.

ಯೂನಿಕೋಡ್ ಈ ಗೊಂದಲಕ್ಕೆ ಬೇರೆಯದೇ ದಾರಿ ಹಿಡಿಯಿತು. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತದ 128 ಮನೆಗಳು ಸಿಕ್ಕವು. ಅಲ್ಲಿ ಕ ಎಂದರೆ 3221, ಬೇರೆ ಯಾವ ಭಾಷೆಯ ಅಕ್ಷರವೂ ಆ ಮನೆಯಲ್ಲಿ ಇರುವುದಿಲ್ಲ. ವಿಂಡೋಸಿನಲ್ಲಿ ಇದಕ್ಕೆ ಬೆಂಬಲ ಬಂದದ್ದು 2001ರ ಎಕ್ಸ್‌ಪಿಯಿಂದ. ಮೊಬೈಲಿಗೆ ಬರಲು ಇನ್ನೂ ಕೆಲವು ವರ್ಷ ಹಿಡಿಯಿತು. ಅಷ್ಟರಲ್ಲಿ ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲಿ ಪುಸ್ತಕ, ಪ್ರಬಂಧ, ಸುತ್ತೋಲೆ, ಲಗ್ನಪತ್ರಿಕೆಗಳೆಲ್ಲ ರಾಶಿ ಬಿದ್ದಾಗಿತ್ತು. (ನುಡಿಯ ಈಚಿನ ಆವೃತ್ತಿಗಳಲ್ಲಿ ಯೂನಿಕೋಡ್ ಇದೆ, ನಾವು ಹೇಳುತ್ತಿರುವುದು ಹಳೆಯ ಫಾಂಟುಗಳ ಮಾತು.)

ಹಳೆಯ ಸಾಫ್ಟ್‌ವೇರ್ ಹೊಸ ಪರದೆಯ ಮೇಲೆ ಎಡವುವುದು ಕನ್ನಡಕ್ಕೆ ಮಾತ್ರ ಅಂಟಿದ ಕಾಯಿಲೆಯಲ್ಲ. ವಿಜ್ಞಾನಿಗಳು ಬಳಸುವ ಹಳೆಯ ಪ್ರೋಗ್ರಾಮುಗಳದ್ದೂ ಇದೇ ಪಾಡು. ಹಳೆಯ ವರ್ಕ್‌ಸ್ಟೇಷನ್ನುಗಳ ಪರದೆ ಒಮ್ಮೆಗೆ 256 ಬಣ್ಣಗಳ ಪಟ್ಟಿಯಿಂದ ಕೆಲಸ ಮಾಡುತ್ತಿತ್ತು. ಚಿತ್ರ ವಿಶ್ಲೇಷಣೆಯ ಪ್ರೋಗ್ರಾಮುಗಳು ಆ ಪಟ್ಟಿಯನ್ನು ತಿರುಚಿಯೇ ಬಣ್ಣ ಬದಲಿಸುತ್ತಿದ್ದವು. ಈಗಿನ ಪರದೆಗೆ ಪಟ್ಟಿಯೇ ಇಲ್ಲ, ನೇರವಾಗಿ 1.6 ಕೋಟಿಗೂ ಹೆಚ್ಚು ಬಣ್ಣಗಳು. ಪಟ್ಟಿ ಕೇಳುವ ಪ್ರೋಗ್ರಾಮ್ ಹೊಸ ಯಂತ್ರದಲ್ಲಿ ಒಂದೋ ಶುರುವಾಗುವುದಿಲ್ಲ, ಇಲ್ಲವೇ ಬಣ್ಣ ಅದಲುಬದಲಾಗುತ್ತದೆ. ಗುಂಡಿಗಳ ಅಳತೆಯದ್ದೂ ತೊಂದರೆ. ಹಳೆಯ ಮಾನಿಟರಿನಲ್ಲಿ 20 ಪಿಕ್ಸೆಲ್ ಅಗಲದ ಗುಂಡಿ ಸುಮಾರು 5 ಮಿಲಿಮೀಟರ್, ಕಡಲೆಬೇಳೆಯಷ್ಟು. 14 ಇಂಚಿನ 4ಕೆ ಪರದೆಯಲ್ಲಿ ಅದೇ ಗುಂಡಿ 1.6 ಮಿಲಿಮೀಟರಿಗೆ ಇಳಿಯುತ್ತದೆ, ಸಾಸಿವೆ ಕಾಳು! ಪ್ರಯೋಗಾಲಯಗಳಲ್ಲಿ ಹಳೆಯ ಕಂಪ್ಯೂಟರೊಂದನ್ನು ಎಸೆಯದೆ ಇಟ್ಟುಕೊಳ್ಳುವುದು ಜಿಪುಣತನದಿಂದಲ್ಲ.

ಕನ್ನಡಕ್ಕೆ ಮರಳೋಣ. ಪಿಡಿಎಫ್ ಆದರೆ ಸಮಸ್ಯೆಯಿಲ್ಲ ಎಂಬ ನಂಬಿಕೆ ಅರ್ಧ ಮಾತ್ರ ನಿಜ. ಪಿಡಿಎಫ್ ತನ್ನೊಳಗೆ ಫಾಂಟನ್ನು ಹೊತ್ತುಕೊಂಡೇ ಬರುವುದರಿಂದ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಅದರಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸಾಪಿನಲ್ಲಿ ಹಾಕಿ ನೋಡಿ, ಮತ್ತದೇ ಪಿ, ಪೌಂಡು. ಹುಡುಕಿದರೆ ಪದ ಸಿಗುವುದಿಲ್ಲ. ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್ ಆ ಪುಟವನ್ನು ಕನ್ನಡವಾಗಿ ಓದಲಾರದು. ನಮ್ಮ ಮಟ್ಟಿಗೆ ಇದೇ ದೊಡ್ಡ ನಷ್ಟ, ಯಾಕೆಂದರೆ ಕಣ್ಣಿರುವವರಿಗೆ ಇದು ಗೊತ್ತೇ ಆಗುವುದಿಲ್ಲ.

ಪರಿಹಾರವಿದೆ. ಹಳೆಯ ಪಠ್ಯವನ್ನು ಯೂನಿಕೋಡಿಗೆ ಬದಲಿಸುವ ಉಚಿತ ಪರಿವರ್ತಕಗಳು ಸಿಗುತ್ತವೆ. ಮೂಲ ಫಾಂಟ್ ಯಾವುದೆಂದು ತಿಳಿದಿರಬೇಕು. ನುಡಿ ಮತ್ತು ಶ್ರೀಲಿಪಿಯ ಮನೆಗಳು ಒಂದೇ ಅಲ್ಲ. ಬದಲಿಸಿದ ಮೇಲೆ ಅರ್ಕಾವತ್ತಿನ ಮೇಲೆ ಕಣ್ಣಿಡಿ. 'ಸೂರ್ಯ' ಬರೆಯುವಾಗ ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಯಕಾರದ ನಂತರ ಕೂರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಪರಿವರ್ತಕ ಅದನ್ನು ಹಿಂದಕ್ಕೆ ಸರಿಸಲು ತಪ್ಪಿದರೆ ಪದ ಕೆಡುತ್ತದೆ.

ಇದಕ್ಕಿಂತ ಅಪಾಯದ್ದು ನಡುವೆ ಬರುವ ಇಂಗ್ಲಿಷ್. ಬರೀ ಪಠ್ಯವನ್ನು ಅಂಟಿಸಿದಾಗ ಯಾವ ಪದ ಯಾವ ಫಾಂಟಿನಲ್ಲಿತ್ತು ಎಂಬುದು ಪರಿವರ್ತಕಕ್ಕೆ ತಿಳಿಯದು. ಇಂಗ್ಲಿಷ್ ಪದವನ್ನೂ ಕನ್ನಡದ ತುಂಡುಗಳೆಂದು ತಿಳಿದು ಕಲಸಿಬಿಡುತ್ತದೆ. ಹಳೆಯ ಆರೋಗ್ಯ ಕರಪತ್ರವೊಂದನ್ನು ಹೀಗೆ ಬದಲಿಸಿ ಹಂಚುವವರು ಔಷಧಿಯ ಹೆಸರು, ಪ್ರಮಾಣ ಎರಡನ್ನೂ ಮೂಲದ ಪಕ್ಕ ಇಟ್ಟು ನೋಡಲೇಬೇಕು.

ಅಕ್ಷರದ ಬದಲು ಬರೀ ಚೌಕಗಳು ಕಂಡರೆ ಅದು ಬೇರೆ ಸಂಗತಿ. ಫೈಲ್ ಯೂನಿಕೋಡಿನಲ್ಲೇ ಇದೆ, ನಿಮ್ಮ ಸಾಧನದಲ್ಲಿ ಕನ್ನಡ ಫಾಂಟ್ ಇಲ್ಲ ಎಂದರ್ಥ. ಪರಿವರ್ತಕದ ಕೆಲಸ ಅಲ್ಲಿಲ್ಲ.

ಹಾಗೆಂದು ಬಂದ ಫೈಲನ್ನೆಲ್ಲ ಒತ್ತಬೇಡಿ. ವಿಚಿತ್ರ ಅಕ್ಷರ ವೈರಸ್ಸಿನ ಲಕ್ಷಣವಲ್ಲ, ನಿಜ. ಆದರೆ ಲಗ್ನಪತ್ರಿಕೆಯ ಹೆಸರಿನಲ್ಲಿ ಬರುವ ಎಪಿಕೆ ಫೈಲು, "ಕನ್ನಡ ಕಾಣಲು ಈ ಆ್ಯಪ್ ಹಾಕಿಕೊಳ್ಳಿ" ಎನ್ನುವ ಗುರುತಿಲ್ಲದ ಲಿಂಕು, ಇವು ಅಕ್ಷರ ಎಷ್ಟೇ ಸ್ವಚ್ಛವಾಗಿ ಕಂಡರೂ ದೂರವಿಡಬೇಕಾದವು.

ಬಸವನಗುಡಿಯ ಹಿರಿಯರು ಈಗ ತಂದೆಯ ಬರಹವನ್ನು ಯೂನಿಕೋಡಿಗೆ ತಂದು, ದಿನಕ್ಕೆರಡು ಪುಟದಂತೆ ಅರ್ಕಾವತ್ತು ತಿದ್ದುತ್ತಿದ್ದಾರೆ. ಮೂಲ ಫೈಲಿನ ಪ್ರತಿ ಪೆನ್‌ಡ್ರೈವಿನಲ್ಲೂ ಮಗಳ ಕಂಪ್ಯೂಟರಿನಲ್ಲೂ ಇದೆ. ಸಿಡಿ ಮತ್ತೆ ಬೀರು ಸೇರಿದೆ.