ಕಿತ್ತ ಹಳಿಯ ಮೇಲೆ ಓಡುವ ಗಾಡಿ

ದಿಂಡಿಗಲ್ಲಿನಿಂದ ಪಳನಿ, ಉಡುಮಲೈಪೇಟೆಗಳ ಮಾರ್ಗವಾಗಿ ಪೊಳ್ಳಾಚಿಗೆ 1928ರಲ್ಲಿ ಹಾಕಿದ್ದ ಮೀಟರ್‌ಗೇಜ್ ಹಳಿ ಈಗಿಲ್ಲ. ಅದನ್ನು ಕಿತ್ತು, 1676 ಮಿ.ಮೀ. ಅಗಲದ ಬ್ರಾಡ್‌ಗೇಜ್ ಹಾಕಿ, ಪಳನಿಯಿಂದ ಪೊಳ್ಳಾಚಿಯವರೆಗಿನ ಭಾಗವನ್ನು 2015ರಲ್ಲಿ ತೆರೆದರು. ಬೇಕಾಗಿದ್ದ ಕೆಲಸವೇ, ನಾವು ದೂರುವುದಿಲ್ಲ. ಆದರೆ ತೈಪೂಸಕ್ಕೆ ನಮ್ಮ ಹಿರಿಯರನ್ನು ಹೊತ್ತೊಯ್ದ ಆ ಸಣ್ಣ ಗಾಡಿಯನ್ನು ಮೊಮ್ಮಕ್ಕಳಿಗೆ ತೋರಿಸುವುದೆಂತು?

ಇದಕ್ಕೊಂದು ವಿಚಿತ್ರವಾದ ದಾರಿಯುಂಟು. 2001ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು 'ಟ್ರೇನ್ ಸಿಮ್ಯುಲೇಟರ್' ಎಂಬ ಗಣಕಯಂತ್ರದ ಆಟವನ್ನು ಹೊರತಂದಿತು. ಅದರಲ್ಲಿದ್ದ ಆರು ಮಾರ್ಗಗಳಲ್ಲಿ ಜಪಾನಿನವು ಎರಡಿದ್ದವು, ಭಾರತದ್ದು ಒಂದೂ ಇರಲಿಲ್ಲ. ಆದರೆ ಹೊಸ ಮಾರ್ಗವನ್ನು ಕಟ್ಟುವ ಸಲಕರಣೆಯನ್ನೂ ಜೊತೆಗೇ ಕೊಟ್ಟಿದ್ದರು. ಅಷ್ಟು ಸಾಕಾಯಿತು. ಲೋಕದ ನಾನಾ ಕಡೆಯ ಹವ್ಯಾಸಿಗಳು, ನಮ್ಮ ದೇಶದವರೂ ಸೇರಿ, ತಮ್ಮೂರ ಹಳಿಗಳನ್ನು ತಾವೇ ಹಾಸತೊಡಗಿದರು.

ಕೆಲಸವೇನೂ ಸುಲಭದ್ದಲ್ಲ. ನೆಲದ ಏರುತಗ್ಗುಗಳನ್ನು, 2000ದಲ್ಲಿ ಅಮೆರಿಕದ ಆಕಾಶನೌಕೆಯೊಂದು ರೇಡಾರಿನಿಂದ ಅಳೆದ ಲೆಕ್ಕದಿಂದ ಪಡೆಯಬಹುದು. ಆನೆಮಲೆಯ ಸಾಲು ದಕ್ಷಿಣಕ್ಕೆ ತಾನಾಗಿಯೇ ಏಳುತ್ತದೆ. ಹಳಿಯನ್ನು ಮಾತ್ರ ತುಂಡುತುಂಡಾಗಿ ಜೋಡಿಸಬೇಕು. ಆಟದೊಡನೆ ಬಂದ ಹಳಿ 1435 ಮಿ.ಮೀ. ಅಳತೆಯದಾದ್ದರಿಂದ, ಮೀಟರ್‌ಗೇಜ್ ಬೇಕೆಂಬವರು ಅದರ ಆಕೃತಿಯನ್ನೇ ಹೊಸದಾಗಿ ರಚಿಸಬೇಕು. ಬಳಿಕ ಸಿಗ್ನಲ್ಲು, ಗೇಟು, ನೀರಿನ ತೊಟ್ಟಿ, ಬೇವಿನ ಮರ. ಸಂಬಳವಿಲ್ಲದೆ ವರ್ಷಗಟ್ಟಲೆ ಸಂಜೆಗಳನ್ನು ಇದಕ್ಕೆ ಸುರಿದವರಿದ್ದಾರೆ. (ಮನೆಯವರು ಏನೆಂದರೋ ತಿಳಿಯದು!)

ಆ ಸಂಸ್ಥೆ ಆಟದ ಮುಂದಿನ ಆವೃತ್ತಿಯನ್ನು ಎರಡು ಸಲ ಆರಂಭಿಸಿ ಎರಡು ಸಲವೂ ಕೈಬಿಟ್ಟಿತು. ಹವ್ಯಾಸಿಗಳು ಬಿಡಲಿಲ್ಲ. ಹಳೆಯ ಮಾರ್ಗಗಳೇ ಹೊಸ ಯಂತ್ರಗಳಲ್ಲಿ ಓಡುವಂತೆ 'ಓಪನ್ ರೈಲ್ಸ್' ಎಂಬ ಉಚಿತ ತಂತ್ರಾಂಶವನ್ನು ಸ್ವಯಂಸೇವಕರೇ ಸಿದ್ಧಪಡಿಸಿದರು. ಒಂದು ತೊಡಕು ಮಾತ್ರ ಉಳಿದಿದೆ: ಮಾರ್ಗ ಕಟ್ಟಿದವರ ಅನುಮತಿಯಿಲ್ಲದೆ ಅದನ್ನು ತಿದ್ದುವುದು ಮರ್ಯಾದೆಯಲ್ಲ, ಅವರೇ ತೀರಿಕೊಂಡರೆ ಕೇಳುವುದು ಯಾರನ್ನು? ಬದುಕಿರುವಾಗಲೇ ಒಂದು ಮಾತು ಬರೆದಿಡುವುದು ಲೇಸೆಂದು ನಮಗೆ ತೋರುತ್ತದೆ.

ನಮ್ಮ ಹಳೆಯ ಮಾರ್ಗವನ್ನೂ ಯಾರಾದರೂ ಹೀಗೆ ಕಟ್ಟಲು ಹೊರಟರೆ, ಬೆಟ್ಟವನ್ನು ರೇಡಾರು ಕೊಟ್ಟೀತು. ನಿಲ್ದಾಣದ ಗೋಡೆಯ ಬಣ್ಣವನ್ನು ಕೊಡದು. ಅದು ಕೊಯಮತ್ತೂರು ಸೀಮೆಯ ಕನ್ನಡ ಮನೆಗಳ ಟ್ರಂಕುಗಳಲ್ಲಿ, ಮದುವೆಯ ದಿಬ್ಬಣ ಗಾಡಿ ಹತ್ತುವಾಗ ತೆಗೆದ ಚಿತ್ರದ ಹಿನ್ನೆಲೆಯಲ್ಲಿ ಇದ್ದೀತು. ಚಿತ್ರದ ಬೆನ್ನಿಗೆ ಊರನ್ನೂ ವರ್ಷವನ್ನೂ ಪೆನ್ಸಿಲಿನಲ್ಲಿ ಬರೆದಿಡಿ. ಆ ಗಾಡಿಯಲ್ಲಿ ದುಡಿದ ಹಿರಿಯರು ಮನೆಯಲ್ಲಿದ್ದರೆ, ನೀರಿನ ತೊಟ್ಟಿ ಯಾವ ಬದಿಗಿತ್ತೆಂದು ಈ ಭಾನುವಾರವೇ ಕೇಳಿ.