ಹುಲ್ಲು ಮಾರಿದವ ಪೊಟ್ಯಾಷ್ ಕೊಳ್ಳಲೇಬೇಕು

ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಬೆಟ್ಟದ ಸೊಪ್ಪು, ಕೊಟ್ಟಿಗೆ ಗೊಬ್ಬರ ಎಲ್ಲ ಹೋಗುವುದು ತೋಟಕ್ಕೆ. ಮಳೆ ನಂಬಿದ ಮಕ್ಕಿಗದ್ದೆಗೆ ಸಿಗುವುದು ಯೂರಿಯಾ ಮಾತ್ರ. ನಾನೂ ಬಹಳ ವರ್ಷ ಹಾಗೇ ಮಾಡಿದವ. ಭತ್ತ ಕಪ್ಪು ಹಸಿರಾಗಿ ಎದ್ದು ಬರ್ತಿತ್ತು. ತೆನೆ ಬರುವ ಹೊತ್ತಿಗೆ ಕೆಳಗಿನ ಎಲೆಗಳ ತುದಿ, ಅಂಚು ಸುಟ್ಟ ಹಾಗೆ ಆಗ್ತಿತ್ತು. ಗಾಳಿ ಬಂದರೆ ಮಲಗುವುದು, ತೂರಿದರೆ ಜಳ್ಳು. ರೋಗ ಅಂದುಕೊಂಡು ಔಷಧಿ ಹೊಡೆದು ದುಡ್ಡು ಕಳೆದೆ. ಕಡೆಗೆ ಮಣ್ಣು ಪರೀಕ್ಷೆ ಮಾಡಿಸಿದಾಗ ಪೊಟ್ಯಾಷ್ ಕಡಿಮೆ ಅಂತ ಬಂತು.

ಕಾರಣ ದೊಡ್ಡದೇನಲ್ಲ. ನಮ್ಮ ಜಂಬಿಟ್ಟಿಗೆ ಮಣ್ಣಿಗೆ ಪೊಟ್ಯಾಷ್ ಹಿಡಿದಿಟ್ಟುಕೊಳ್ಳುವ ಶಕ್ತಿ ಕಡಿಮೆ, ಜಡಿಮಳೆ ತೊಳೆದುಕೊಂಡು ಹೋಗುತ್ತದೆ. ಉಳಿದದ್ದನ್ನು ನಾವೇ ಹೊರಗೆ ಕಳಿಸುತ್ತೇವೆ. ಭತ್ತ ಎಳೆದುಕೊಂಡ ಪೊಟ್ಯಾಷಿನ ಹೆಚ್ಚಿನ ಪಾಲು ಇರುವುದು ಕಾಳಿನಲ್ಲಲ್ಲ, ಹುಲ್ಲಿನಲ್ಲಿ. ಒಂದು ಟನ್ ಒಣಹುಲ್ಲಿನಲ್ಲಿ ಸುಮಾರು 15ರಿಂದ 20 ಕಿಲೋ. 50 ಕಿಲೋ ಎಂಓಪಿ ಚೀಲದಲ್ಲಿ ಇರುವುದೇ 30 ಕಿಲೋ. ಅಂದರೆ ಎರಡು ಟನ್ ಹುಲ್ಲು ಲಾರಿಗೆ ಹೇರಿದರೆ ಒಂದು ಚೀಲ ಗೊಬ್ಬರ ಹೇರಿದ ಲೆಕ್ಕ. ಹಿರಿಯರು ಒಲೆ ಬೂದಿಯನ್ನಾದರೂ ಗದ್ದೆಗೆ ಎರಚುತ್ತಿದ್ದರು. ಗ್ಯಾಸ್ ಬಂದ ಮೇಲೆ ಅದೂ ಇಲ್ಲ.

ರೈತರು ಬರೇ ಯೂರಿಯಾ ಸುರೀತಾರೆ ಅಂತ ಬೈಯುವವರಿದ್ದಾರೆ. ಯೂರಿಯಾ 45 ಕಿಲೋ ಚೀಲಕ್ಕೆ 266 ರೂಪಾಯಿ 50 ಪೈಸೆ. ಪೊಟ್ಯಾಷ್ ಹೊರದೇಶದಿಂದ ಬರಬೇಕು, ಬೆಲೆ ಅದರ ಹಲವು ಪಟ್ಟು. 2010ರಲ್ಲಿ ಸಹಾಯಧನದ ಪದ್ಧತಿ ಬದಲಾದ ಮೇಲೆ ಈ ಅಂತರ ಹೆಚ್ಚಿತು. ತಪ್ಪು ನಮ್ಮದೊಂದೇ ಅಲ್ಲ.

ನಾನು ಮಾಡಿದ್ದು ಇಷ್ಟು. ಒಂದೇ ಗದ್ದೆಯ ನಡುವೆ ಹಾಳಿ ಹಾಕಿ ಎರಡು ಪಾಲು ಮಾಡಿದೆ. ಬೀಜ, ಯೂರಿಯಾ, ರಂಜಕ ಎರಡಕ್ಕೂ ಒಂದೇ. ಒಂದು ಪಾಲಿಗೆ ಮಾತ್ರ ಪೊಟ್ಯಾಷ್, ಅದೂ ನಾಟಿಗೆ ಅರ್ಧ, ಹೊಡೆ ಬರುವ ಮುಂಚೆ ಅರ್ಧ. ಒಮ್ಮೆಲೇ ಹಾಕಿದರೆ ಮಳೆಯ ಪಾಲು. ಆ ಪಾಲಿನ ಭತ್ತ ಮಲಗಲಿಲ್ಲ, ಜಳ್ಳು ಕಡಿಮೆಯಾಯಿತು. ಮನೆಯವಳು ತೂರುವಾಗಲೇ ವ್ಯತ್ಯಾಸ ಹೇಳಿದಳು.

ಹಾಗಂತ ಎಲ್ಲರೂ ಚೀಲ ತನ್ನಿ ಅನ್ನುವವನಲ್ಲ. ಬಯಲುಸೀಮೆಯ ಎರೆಮಣ್ಣಿನಲ್ಲಿ ಸಾಮಾನ್ಯವಾಗಿ ಪೊಟ್ಯಾಷ್ ಸಾಕಷ್ಟು ಇರುತ್ತದೆ, ಹಾಕಿದರೂ ಬೆಳೆ ತೋರಿಸುವುದಿಲ್ಲ. ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಹುಲ್ಲು ದನಕ್ಕೆ ಹಾಕಿ, ಆ ಗೊಬ್ಬರದಲ್ಲಿ ಒಂದು ಪಾಲನ್ನಾದರೂ ಗದ್ದೆಗೆ ತಿರುಗಿಸಿ. ಮಾರಲೇಬೇಕಾದರೆ ಬಂದ ದುಡ್ಡಿನಲ್ಲಿ ಪೊಟ್ಯಾಷಿನ ಪಾಲು ತೆಗೆದಿಟ್ಟು ಉಳಿದದ್ದನ್ನು ಲಾಭ ಅನ್ನಿ. ಅಂಗಡಿಯವನ ಮಾತೂ ಬೇಡ, ನನ್ನ ಮಾತೂ ಬೇಡ. ನಿಮ್ಮ ಗದ್ದೆಯಲ್ಲೇ ಒಂದು ಹಾಳಿ ಹಾಕಿ ನೋಡಿ.